ಆಳದ ಸುಣ್ಣಕಲ್ಲಿನ ಅನಿಲ: ಸ್ತರಭಂಗ ತುಂಬಿಸಿದೆಯೋ, ಸೋರಿಸಿದೆಯೋ? ತಿಳಿಯುವುದು ಹೇಗೆ

ಏಳೆಂಟು ಕಿಲೋಮೀಟರ್ ಆಳದ ಸುಣ್ಣಕಲ್ಲಿನಲ್ಲಿ ಅನಿಲ ನಿಲ್ಲಲು ಜಾಗವೇ ಕಡಿಮೆ. ಮೇಲಿನ ಬಂಡೆಗಳ ಭಾರಕ್ಕೆ ಮೂಲ ರಂಧ್ರಗಳು ಹಿಸುಕಿಹೋಗಿರುತ್ತವೆ, ಉಳಿದವುಗಳಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಕಟ್ಟಿಕೊಂಡಿರುತ್ತದೆ. ಹಾಗಿದ್ದೂ ಚೀನಾದ ತಾರಿಮ್ ಬೇಸಿನ್‌ನ ಶುನ್‌ಬೇಯಲ್ಲಿ, ತಕ್ಲಾಮಕಾನ್ ಮರುಭೂಮಿಯ ಅಡಿ 7,000 ಮೀಟರಿಗೂ ಕೆಳಗಿರುವ ಆರ್ಡೋವಿಸಿಯನ್ ಯುಗದ ಸುಣ್ಣಕಲ್ಲಿನಿಂದ ತೈಲವೂ ಅನಿಲವೂ ಬರುತ್ತಿವೆ. ಆ ಬಂಡೆಗೆ 44 ಕೋಟಿ ವರ್ಷಗಳಿಗೂ ಮಿಕ್ಕಿದ ವಯಸ್ಸು. ಅದರಲ್ಲಿ ಜಾಗ ಮಾಡಿಕೊಟ್ಟದ್ದು ಸ್ತರಭಂಗಗಳು, ಅಂದರೆ ಬಂಡೆ ಬಿರಿದು ಅದರ ಬದಿಗಳು ಒಂದಕ್ಕೊಂದು ಜಾರಿದ ದೊಡ್ಡ ಬಿರುಕುಗಳು. ಹಾಗೆಂದು ಎಲ್ಲ ಸ್ತರಭಂಗವೂ ಒಳ್ಳೆಯದಲ್ಲ. ಅದು ಎಷ್ಟು ದೊಡ್ಡದು ಎಂಬುದಕ್ಕಿಂತ ಯಾವಾಗ ಅಲುಗಿತು ಎಂಬುದೇ ಮುಖ್ಯ.

1. ಮೊದಲು ಬಿರುಕನ್ನು ಹುಡುಕಿ

ಶುನ್‌ಬೇಯ ಸ್ತರಭಂಗಗಳಲ್ಲಿ ಬಂಡೆ ಮುಖ್ಯವಾಗಿ ಪಕ್ಕಕ್ಕೆ ಜಾರಿದೆ. ಹಾಗಾಗಿ ಎರಡೂ ಬದಿಯ ಪದರಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಸೀಸ್ಮಿಕ್ ಚಿತ್ರದಲ್ಲಿ (ನೆಲದೊಳಕ್ಕೆ ಕಳಿಸಿದ ಕಂಪನದ ಅಲೆಗಳು ಮರಳಿ ಬಂದು ಮೂಡಿಸುವ ಚಿತ್ರ) ಬಿರುಕು ಕಣ್ಣು ತಪ್ಪಿಸುತ್ತದೆ. ಮೂರು ಆಯಾಮದ ಸಮೀಕ್ಷೆಯಲ್ಲಿ ಅಕ್ಕಪಕ್ಕದ ಅಲೆಗಳನ್ನು ಹೋಲಿಸಿ, ಹೋಲಿಕೆ ಎಲ್ಲಿ ಕಡಿಯುತ್ತದೆಯೋ ಅಲ್ಲಿ ಗೆರೆ ಎಳೆಯಬೇಕು. ಗೆರೆಯುದ್ದಕ್ಕೂ ಮಣಿಸರದಂತೆ ಪ್ರಖರ ಪ್ರತಿಫಲನಗಳು ಕಂಡರೆ ಗುಹೆಗಳಿರುವ ಸಾಧ್ಯತೆ ಹೆಚ್ಚು. ಗುಹೆಯಲ್ಲಿ ಬರೀ ನೀರಿರಲೂಬಹುದು.

2. ತುಂಡು ತುಂಡಾಗಿ ನೋಡಿ

ಒಂದೇ ಸ್ತರಭಂಗ ಒಂದೆಡೆ ಬಂಡೆಯನ್ನು ಎಳೆದು ತೆರೆದಿರುತ್ತದೆ, ಇನ್ನೊಂದೆಡೆ ಒತ್ತಿ ಬಿಗಿದಿರುತ್ತದೆ. ಇಡೀ ಗೆರೆಗೆ ಒಂದೇ ಅಂಕ ಕೊಡಬೇಡಿ. ಸ್ತರಭಂಗದ ತಿರುಳಿನಲ್ಲಿ ನುಣ್ಣಗೆ ಅರೆದ ಬಂಡೆಯ ಪುಡಿಯಿದ್ದರೆ ಅದು ಅಡ್ಡಗೋಡೆಯಾಗುತ್ತದೆ. ಆಗ ಅನಿಲ ಅದರ ಇಕ್ಕೆಲದ ಒಡಕು ವಲಯದಲ್ಲಿ ಹರಿಯುತ್ತದೆ.

3. ನೀರು ಏನು ಮಾಡಿತು?

ನನ್ನ ಮಟ್ಟಿಗೆ ಅತ್ಯಂತ ಕುತೂಹಲದ ಹಂತ ಇದು. ಬಿರುಕಿನಲ್ಲಿ ಹಿಂದೊಮ್ಮೆ ಇಳಿದ ಮಳೆನೀರು ಅಥವಾ ಆಳದಿಂದ ಏರಿದ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿ ಪೊಟರೆಗಳನ್ನು ಮಾಡುತ್ತದೆ. ಮೆಗ್ನೀಸಿಯಂ ಹೊತ್ತ ನೀರಾದರೆ ಕಲ್ಲನ್ನು ಡಾಲಮೈಟ್ (ಮೆಗ್ನೀಸಿಯಂ ಸೇರಿದ ಕಾರ್ಬೊನೇಟ್ ಖನಿಜ) ಆಗಿಸುತ್ತದೆ, ಡಾಲಮೈಟ್ ಆಳದ ಒತ್ತಡವನ್ನು ಹೆಚ್ಚು ತಾಳುತ್ತದೆ. ಅದೇ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಕ್ಯಾಲ್ಸೈಟ್ ಬಿರುಕಿನಲ್ಲೇ ಕೂತು ದಾರಿ ಮುಚ್ಚುತ್ತದೆ.

ಕೊರೆದು ತೆಗೆದ ಕಲ್ಲಿನ ದಿಂಡನ್ನು ಕೈಗೆತ್ತಿಕೊಳ್ಳಿ. ಬಿಳಿ ಎಳೆಯೊಂದು ಗೋಡೆಯಿಂದ ಗೋಡೆಗೆ ಗಟ್ಟಿಯಾಗಿ ತುಂಬಿದ್ದರೆ ಆ ದಾರಿ ಸತ್ತಿದೆ. ನಡುವೆ ಸಂದು ಉಳಿದು, ಹರಳುಗಳ ಚೂಪು ತುದಿಗಳು ಅದರೊಳಕ್ಕೆ ಚಾಚಿದ್ದರೆ ದಾರಿ ಇನ್ನೂ ತೆರೆದಿದೆ. ಹರಳೊಳಗೆ ಸಿಕ್ಕಿಬಿದ್ದ ದ್ರವದ ಹನಿಯಲ್ಲಿ ಪುಟ್ಟ ಗುಳ್ಳೆ ಇರುತ್ತದೆ. ಸೂಕ್ಷ್ಮದರ್ಶಕದಡಿ ನಿಧಾನವಾಗಿ ಕಾಯಿಸಿ, ಗುಳ್ಳೆ ಮಾಯವಾಗುವ ಉಷ್ಣತೆಯನ್ನು ಬರೆದುಕೊಳ್ಳಿ. ಹನಿ ಸೆರೆಯಾದಾಗ ಕನಿಷ್ಠ ಅಷ್ಟು ಬಿಸಿಯಿತ್ತು.

4. ಕಾಲ ಹೊಂದಿಸಿ

ಆ ಉಷ್ಣತೆಯನ್ನು ಬಂಡೆ ಆಳಕ್ಕೆ ಇಳಿದ ಇತಿಹಾಸದ ಜೊತೆ ಇಟ್ಟು ನೋಡಿದರೆ ದ್ರವ ಹರಿದ ಕಾಲ ಅಂದಾಜಿಗೆ ಸಿಗುತ್ತದೆ. ಯುರೇನಿಯಂ ನಿಧಾನವಾಗಿ ಸೀಸವಾಗುವುದನ್ನು ಅಳೆಯುವ ಯುರೇನಿಯಂ-ಸೀಸ ವಿಧಾನದಿಂದಲೂ ಕ್ಯಾಲ್ಸೈಟಿನ ಕಾಲನಿರ್ಣಯ ಮಾಡಬಹುದು. ಅನಿಲ ಹುಟ್ಟುವ ಆಕರ ಶಿಲೆ ಅದನ್ನು ಬಿಡುತ್ತಿದ್ದಾಗ ಸ್ತರಭಂಗ ಅಲುಗಿದ್ದರೆ ಅದು ಅನಿಲ ಏರುವ ದಾರಿ. ಅನಿಲ ತುಂಬಿದ ಮೇಲೆ ಅಲುಗಿ, ಅನಿಲವನ್ನು ಮೇಲಿನಿಂದ ತಡೆದಿಡುವ ಮುಚ್ಚಳದ ಶಿಲೆಯನ್ನೂ ಸೀಳಿದ್ದರೆ ಸೋರಿಕೆಯ ದಾರಿ. 2003ರಲ್ಲಿ ಪತ್ತೆಯಾದ ಸಿಚುವಾನ್‌ನ ಪುಗುವಾಂಗ್ ಅನಿಲ ನಿಕ್ಷೇಪದ ಮೇಲೆ ಜಿಪ್ಸಂ ಮತ್ತು ಉಪ್ಪಿನ ಪದರಗಳಿವೆ. ಇಂಥ ಮೆದು ಪದರಗಳು ಒತ್ತಡಕ್ಕೆ ಬಳುಕುತ್ತವೆ, ಬೇಗ ಸೀಳುವುದಿಲ್ಲ.

5. ಬಾವಿಯ ದಿಕ್ಕು

ನೆಟ್ಟಗೆ ಇಳಿದ ಬಾವಿ ಕಿರಿದಾದ ಒಡಕು ವಲಯವನ್ನು ತಪ್ಪಿಸಿಕೊಳ್ಳಬಹುದು. ಓರೆಯಾಗಿ ಕೊರೆದು ಅದನ್ನು ಅಡ್ಡ ಹಾಯಿಸಿ. ಒತ್ತಡ ತಡೆಯಲು ಬಾವಿಯಲ್ಲಿ ತುಂಬಿಡುವ ಕೊರೆತದ ಕೆಸರು ದಿಢೀರನೆ ಬಂಡೆಯೊಳಗೆ ಇಳಿದುಹೋದರೆ ಪೊಟರೆ ಸಿಕ್ಕಿತೆಂದು ಹಿಗ್ಗುವ ಮೊದಲು ಬಾವಿಯ ಒತ್ತಡದ ಮೇಲೆ ಕಣ್ಣಿಡಿ: ಕೆಸರಿನ ಮಟ್ಟ ಕುಸಿದರೆ ಅನಿಲ ಮೇಲಕ್ಕೆ ನುಗ್ಗುತ್ತದೆ. ಪುಗುವಾಂಗ್‌ನಂತೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬೆರೆತಿದ್ದರೆ ಅದು ಪ್ರಾಣಕ್ಕೇ ಕುತ್ತು. ಉತ್ಪಾದನೆ ಶುರುವಾದ ಮೇಲೂ ಅವಸರ ಬೇಡ. ಅನಿಲವನ್ನು ಜೋರಾಗಿ ಸೆಳೆದರೆ ಅದೇ ಬಿರುಕಿನ ಮೂಲಕ ತಳದ ನೀರು ಏರಿ ಬಾವಿಯನ್ನು ಮುಳುಗಿಸುತ್ತದೆ.