ಎತ್ತಿ ನೋಡಿದ ಮೇಲೆಯೇ ನೀರು

ಕಳೆದ ಮಾರ್ಚ್‌ನಲ್ಲಿ ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ಗಿಡಗಳು ಒಂದೇ ವಾರದಲ್ಲಿ ಬಾಡಿದವು. ಒಂದು ದುಂಡುಮಲ್ಲಿಗೆ, ಇನ್ನೊಂದು ಕರಿಬೇವು. ಎರಡಕ್ಕೂ ದಿನವೂ ಬೆಳಿಗ್ಗೆ ಒಂದೊಂದು ಚೊಂಬು ನೀರು ಹಾಕುತ್ತಿದ್ದೆ. ಎಲೆಗಳು ಜೋತುಬಿದ್ದ ರೀತಿಯೂ ಒಂದೇ. ಬಿಸಿಲಿಗೆ ನೀರು ಸಾಲದಾಗಿದೆ ಎಂದು ಸಂಜೆಯೂ ಒಂದೊಂದು ಚೊಂಬು ಹೊಯ್ಯತೊಡಗಿದೆ. ಮಲ್ಲಿಗೆ ಚೇತರಿಸಿಕೊಳ್ಳಲಿಲ್ಲ. ಕರಿಬೇವಂತೂ ಹಳದಿಯಾಗಿ, ಮುಟ್ಟಿದರೆ ಎಲೆ ಉದುರುವಂತಾಯಿತು.

ಗೊಬ್ಬರ ತರಲು ಹೋದಾಗ ನರ್ಸರಿಯ ಮಾಲಿಗೆ ಇದನ್ನು ಹೇಳಿದೆ. ಅವರು ಗೊಬ್ಬರ ಕೊಡಲಿಲ್ಲ. "ಮೊದಲು ಕುಂಡ ಎತ್ತಿ ನೋಡಿ ಅಮ್ಮ, ಆಮೇಲೆ ಬನ್ನಿ" ಎಂದರು.

ಮನೆಗೆ ಬಂದು ಮಲ್ಲಿಗೆಯ ಕುಂಡ ಎತ್ತಿದೆ. ಆಗತಾನೇ ನೀರು ಹಾಕಿದ್ದರೂ ಹಗುರವಾಗಿತ್ತು! ತಳದ ತೂತಿನಿಂದ ನೀರು ಹರಿದು ಬರುವುದನ್ನು ದಿನವೂ ಕಂಡು, ಮಣ್ಣು ಚೆನ್ನಾಗಿ ನೆನೆದಿದೆ ಎಂದು ನಂಬಿದ್ದೆ. ನಿಜವಾಗಿ ಆಗಿದ್ದುದು ಬೇರೆ. ಒಮ್ಮೆ ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿತ್ತು. ಒಣಗಿದ ಗೊಬ್ಬರದ ಕಣಗಳು ನೀರನ್ನು ಹೀರುವ ಬದಲು ದೂರ ತಳ್ಳುತ್ತವೆ. ಹಾಕಿದ ನೀರೆಲ್ಲ ಅಂಚಿನ ಬಿರುಕಿನಲ್ಲಿ ಇಳಿದು ಹೋಗುತ್ತಿತ್ತು, ಬೇರಿರುವ ನಡುವಿನ ಮಣ್ಣು ಬೂದಿಯಂತೆ ಒಣಗಿಯೇ ಇತ್ತು. ಬಟ್ಟೆ ನೆನೆಸುವ ಟಬ್ಬಿನಲ್ಲಿ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಮುಳುಗಿಸಿಟ್ಟೆ. ಗುಳ್ಳೆಗಳು ಏಳುವುದು ನಿಲ್ಲಲು 40 ನಿಮಿಷ ಹಿಡಿಯಿತು. ಹೊರತೆಗೆಯುವಾಗ ಎರಡು ಕೈ ಬೇಕಾದವು. ಮರುದಿನ ಬೆಳಿಗ್ಗೆ ಎಲೆಗಳು ನೆಟ್ಟಗಾಗಿದ್ದವು.

ಕರಿಬೇವಿನ ಕುಂಡ ಇದಕ್ಕೆ ತದ್ವಿರುದ್ಧ: ಕಲ್ಲಿನಷ್ಟು ಭಾರ. ಮೇಲ್ಮಣ್ಣು ಒಣಗಿ ಬಿಳಿಚಿಕೊಂಡಿತ್ತು, ಆದರೆ ಎರಡು ಬೆರಳ ಆಳದಲ್ಲಿ ಕೆಸರು. ಮಗುಚಿ ತೆಗೆದಾಗ ಚರಂಡಿಯ ವಾಸನೆ. ಬೇರನ್ನು ಎಳೆದರೆ ಕಂದು ಸಿಪ್ಪೆ ಜಾರಿ, ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿಯಿತು. ಬೇರಿಗೆ ಉಸಿರಾಡಲು ಗಾಳಿ ಬೇಕು. ಅದಿಲ್ಲದೆ ಕೊಳೆತರೆ ನೀರನ್ನು ಮೇಲೆತ್ತಲು ಆಗದು, ಹೀಗಾಗಿ ನೀರಿನ ನಡುವೆಯೇ ಗಿಡ ಬಾಡುತ್ತದೆ. ನಾನು ಅದನ್ನು ಬಾಯಾರಿಕೆ ಎಂದು ಓದಿಕೊಂಡಿದ್ದೆ.

ನೀರು ಸರಾಗವಾಗಿ ಇಳಿಯಲಿ ಎಂದು ಈ ಕುಂಡದ ತಳದಲ್ಲಿ ಮೂರು ಅಂಗುಲ ಜಲ್ಲಿ ಹಾಕಿದ್ದೆ. ತಪ್ಪಿನ ಮೂಲ ಅಲ್ಲಿಯೂ ಇತ್ತು. ನಯವಾದ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೆಳಪದರ ಪೂರ್ತಿ ತೊಯ್ದ ಮೇಲಷ್ಟೇ ಇಳಿಯುತ್ತದೆ. ಅಂದರೆ ಜಲ್ಲಿಯು ಕೆಸರಿನ ಪದರವನ್ನು ಮೇಲೆತ್ತಿ ಬೇರಿಗೆ ಇನ್ನಷ್ಟು ಹತ್ತಿರ ತರುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನಲ್ಲಿ ಇದನ್ನು ಪರೀಕ್ಷಿಸಿದೆ. ನೆನೆಸಿ ಅಡ್ಡಲಾಗಿ ಹಿಡಿದಾಗ ತೊಟ್ಟಿಕ್ಕುವುದು ಸ್ವಲ್ಪ ಹೊತ್ತಿಗೆ ನಿಂತಿತು. ಅದನ್ನೇ ಉದ್ದಕ್ಕೆ ನಿಲ್ಲಿಸಿದಾಗ ಮತ್ತೆ ನೀರು ಇಳಿಯಿತು. ಮಣ್ಣಿನ ಎತ್ತರ ಹೆಚ್ಚಿದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ, ಜಲ್ಲಿ ತುಂಬಿದರೆ ಆ ಎತ್ತರವೇ ಕಡಿಮೆಯಾಗುತ್ತದೆ.

ಕೊಳೆತ ಬೇರು ಕತ್ತರಿಸಿದೆ, ಎಲೆಯಿಲ್ಲದ ರೆಂಬೆಗಳನ್ನು ಸವರಿದೆ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ ಹೊಸ ಕುಂಡಕ್ಕೆ ಹಾಕಿದೆ. ಜಲ್ಲಿಯ ಬದಲು ತೂತಿನ ಮೇಲೆ ಸೊಳ್ಳೆ ಪರದೆಯ ಒಂದು ತುಂಡು, ಅಷ್ಟೇ. ಚಿಗುರು ಕಾಣಲು ಏಳು ವಾರ ಕಾದೆ.

ಈಗ ದಿನಕ್ಕೊಂದು ಚೊಂಬು ಎಂಬ ಲೆಕ್ಕವನ್ನು ಬಿಟ್ಟಿದ್ದೇನೆ. ಪೆಟ್ಟಿಗೆ ತೂಗುವ ಕೊಕ್ಕೆ ತಕ್ಕಡಿಗೆ ಹಗ್ಗ ಕಟ್ಟಿ, ಮಲ್ಲಿಗೆಯ 10 ಅಂಗುಲದ ಕುಂಡವನ್ನು ತೂಗಿದೆ. ನೀರು ಬಸಿದ ಮೇಲೆ 9.4 ಕಿಲೋ, ಎಲೆ ಸೋಲುವ ಹೊತ್ತಿಗೆ 7.6. ಎರಡನ್ನೂ ಕುಂಡದ ಮೇಲೆ ಬರೆದಿಟ್ಟಿದ್ದೇನೆ. ಕೆಲವು ವಾರ ತೂಗಿದ ಮೇಲೆ ಕೈಗೇ ಅಂದಾಜು ಸಿಕ್ಕಿತು. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆರುವುದರಿಂದ ಅದು ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಹಗುರಾಗುತ್ತದೆ.

ಆಷಾಢದ ಜಿಟಿಜಿಟಿ ಮಳೆಯಲ್ಲಿ ನಾಲ್ಕು ದಿನ ನಾನು ಯಾವ ಕುಂಡಕ್ಕೂ ನೀರು ಹಾಕಿರಲಿಲ್ಲ. ಮೇಲ್ಮಣ್ಣು ಕಪ್ಪಗೆ ತೊಯ್ದಿತ್ತು. ಐದನೇ ದಿನ ಮಲ್ಲಿಗೆಯ ಕುಂಡ ಎತ್ತಿದರೆ ಮತ್ತೆ ಅದೇ ಹಗುರ: ದಟ್ಟ ಎಲೆಗಳ ಮೇಲೆ ಬಿದ್ದ ಹನಿಗಳೆಲ್ಲ ಕುಂಡದ ಹೊರಗೆ ಜಾರಿದ್ದವು. ಸೋನೆ ಸುರಿಯುತ್ತಿದ್ದಂತೆಯೇ ಎರಡು ಚೊಂಬು ನೀರನ್ನು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹಾಕಿದೆ.