ಡಿಮೆನ್ಷಿಯಾ ಅಧ್ಯಯನದ ದತ್ತಾಂಶವನ್ನು ನಾನು ವಿಶ್ಲೇಷಿಸುವ ಬಗೆ

ವಯಸ್ಸಾದಂತೆ ನೆನಪು, ಗಮನ ಮತ್ತು ಯೋಚನೆಯ ವೇಗ ಹೇಗೆ ಬದಲಾಗುತ್ತವೆ, ಯಾರಲ್ಲಿ ಆ ಬದಲಾವಣೆ ಡಿಮೆನ್ಷಿಯಾದವರೆಗೆ ಹೋಗುತ್ತದೆ ಎಂಬುದನ್ನು ದೀರ್ಘಕಾಲದ ಸಮೂಹ ಅಧ್ಯಯನಗಳ ದತ್ತಾಂಶದಿಂದ ಅಂದಾಜು ಮಾಡುವುದು ನನ್ನ ಕೆಲಸ. ಇಂಥ ಅಧ್ಯಯನಗಳಲ್ಲಿ ಸಾವಿರಾರು ಹಿರಿಯರನ್ನು ಕೆಲವು ವರ್ಷಗಳಿಗೊಮ್ಮೆ ಭೇಟಿ ಮಾಡಿ ಅದೇ ಪರೀಕ್ಷೆಗಳನ್ನು ಮತ್ತೆ ಮತ್ತೆ ಕೊಡಲಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಅಂಕಗಳ ಇಳಿಕೆಗೆ ಒಂದು ಗೆರೆ ಎಳೆಯುವ ಸರಳ ಕೆಲಸವೆಂದು ತೋರಬಹುದು. ಆದರೆ ಆ ಗೆರೆಯ ಓರೆಯನ್ನು ನಿರ್ಧರಿಸುವುದರಲ್ಲಿ ನಮ್ಮ ಕೈಗೆ ಸಿಕ್ಕ ಅಂಕಗಳಷ್ಟೇ ಪಾತ್ರ ಸಿಗದೆ ಹೋದ ಅಂಕಗಳಿಗೂ ಇದೆ. ಆದ್ದರಿಂದ ನಾನು ಯಾವುದೇ ವಿಶ್ಲೇಷಣೆಯನ್ನು ಮಾಡೆಲ್‌ನಿಂದ, ಅಂದರೆ ಸಂಖ್ಯಾಶಾಸ್ತ್ರದ ಸೂತ್ರದಿಂದ, ಆರಂಭಿಸುವುದಿಲ್ಲ; ಯಾರು ಯಾವ ಭೇಟಿಯ ನಂತರ ಬರಲಿಲ್ಲ, ಅವರಲ್ಲಿ ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂದಿ ಬದುಕಿದ್ದೂ ನಿರಾಕರಿಸಿದರು, ಕೊನೆಯ ಭೇಟಿಯಲ್ಲಿ ಅವರ ಅಂಕ ಎಷ್ಟಿತ್ತು ಎಂಬ ಪಟ್ಟಿಯಿಂದ ಆರಂಭಿಸುತ್ತೇನೆ.

ನನ್ನ ವಿಧಾನವನ್ನು ಒಂದೇ ಪ್ರಶ್ನೆಯ ಮೂಲಕ ವಿವರಿಸುತ್ತೇನೆ: ಹೆಚ್ಚು ವರ್ಷ ಓದಿದವರಲ್ಲಿ ಅರಿವಿನ ಶಕ್ತಿ ನಿಧಾನವಾಗಿ ಕುಂದುತ್ತದೆಯೇ?

ಮೊದಲ ತೊಡಕು ಅಳತೆಗೋಲಿನದು. 1975ರಲ್ಲಿ ಪ್ರಕಟವಾದ, 30 ಅಂಕಗಳ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಎಂಬ, ನೆನಪು ಮತ್ತು ಗಮನವನ್ನು ಅಳೆಯುವ ಕಿರು ಪರೀಕ್ಷೆ ಇಂದಿಗೂ ಬಹಳ ಅಧ್ಯಯನಗಳಲ್ಲಿದೆ. ಆರೋಗ್ಯವಂತರಾದ, ಓದಿದ ಹಿರಿಯರಲ್ಲಿ ಹೆಚ್ಚಿನವರು ಅದರಲ್ಲಿ 28ಕ್ಕಿಂತ ಮೇಲೆಯೇ ಇರುತ್ತಾರೆ. ಅವರ ಸಾಮರ್ಥ್ಯ ನಿಜವಾಗಿ ಕುಸಿಯತೊಡಗಿದರೂ ಪರೀಕ್ಷೆ ಅದನ್ನು ಬಹುಕಾಲ ತೋರಿಸುವುದಿಲ್ಲ, ಏಕೆಂದರೆ ಪ್ರಶ್ನೆಗಳು ಅವರಿಗೆ ಅಷ್ಟು ಸುಲಭ. 30ರಿಂದ 29ಕ್ಕೆ ಇಳಿಯುವುದರ ಹಿಂದಿನ ಬದಲಾವಣೆಯೂ 20ರಿಂದ 19ಕ್ಕೆ ಇಳಿಯುವುದರ ಹಿಂದಿನ ಬದಲಾವಣೆಯೂ ಒಂದೇ ಅಲ್ಲ. ಕಚ್ಚಾ ಅಂಕಗಳಿಗೆ ಸಾಮಾನ್ಯ ಮಿಕ್ಸೆಡ್ ಮಾಡೆಲ್ (ಸಮೂಹದ ಸರಾಸರಿ ಗೆರೆಯನ್ನೂ ಪ್ರತಿಯೊಬ್ಬರ ಸ್ವಂತ ಗೆರೆಯನ್ನೂ ಒಟ್ಟಿಗೆ ಅಂದಾಜು ಮಾಡುವ ವಿಧಾನ) ಹಾಕಿದರೆ ಓದಿದವರ ಇಳಿಕೆ ನಿಧಾನವೆಂದು ಕಾಣುವುದು ಬಹುಮಟ್ಟಿಗೆ ಈ ಮೇಲ್ಛಾವಣಿಯ, ಅಂದರೆ ಅಂಕ ಗರಿಷ್ಠ ಮಿತಿಗೆ ತಾಗಿ ನಿಲ್ಲುವುದರ, ಪರಿಣಾಮವೇ ಇರಬಹುದು. ಹಾಗಾಗಿ ನಾನು ಅಂಕದ ಹಿಂದೆ ನೇರವಾಗಿ ಕಾಣದ ಒಂದು ಸಾಮರ್ಥ್ಯವಿದೆಯೆಂದು ಭಾವಿಸಿ, ಅದಕ್ಕೂ ಅಂಕಕ್ಕೂ ಇರುವ ಬಾಗಿದ ಸಂಬಂಧವನ್ನು ದತ್ತಾಂಶದಿಂದಲೇ ಅಂದಾಜು ಮಾಡುವ ಮಾಡೆಲ್ ಬಳಸುತ್ತೇನೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯ ಎಲ್‌ಸಿಎಂಎಂ ಪ್ಯಾಕೇಜ್ ಈ ಕೆಲಸಕ್ಕೆ ನನಗೆ ಒಗ್ಗಿದೆ. 1988ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ಪಾಕಿಡ್ ಅಧ್ಯಯನದ 500 ಮಂದಿಯ ದತ್ತಾಂಶವೂ ಅದರೊಳಗೆ ಇರುವುದರಿಂದ ಹೊಸಬರು ಅಲ್ಲಿಯೇ ಅಭ್ಯಾಸ ಮಾಡಬಹುದು. ಹೀಗೆ ಅಳತೆಯನ್ನು ಸರಿಪಡಿಸಿದ ಮೇಲೆ ಓದಿಗೂ ಆರಂಭದ ಮಟ್ಟಕ್ಕೂ ಇರುವ ನಂಟು ಗಟ್ಟಿಯಾಗಿ ಉಳಿದು, ಓದಿಗೂ ಇಳಿಕೆಯ ವೇಗಕ್ಕೂ ಇರುವ ನಂಟು ತೆಳುವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇದರ ಜೊತೆಗೆ ಅಭ್ಯಾಸಬಲವೂ ಇದೆ. ಎರಡನೆಯ ಭೇಟಿಯಲ್ಲಿ ಪರೀಕ್ಷೆಯ ಪರಿಚಯದಿಂದಲೇ ಅಂಕ ಏರುತ್ತದೆ. ಆ ಏರಿಕೆಯನ್ನು ಬೇರ್ಪಡಿಸಲು ಮಾಡೆಲ್‌ನಲ್ಲಿ ಮೊದಲ ಭೇಟಿಗೆ ಪ್ರತ್ಯೇಕ ಸೂಚಕವೊಂದನ್ನು ಸೇರಿಸಿ ನಾನು ಮುಂದೆ ಹೋಗುತ್ತೇನೆ.

ಕಾಲವನ್ನು ಎಲ್ಲಿಂದ ಎಣಿಸಬೇಕು ಎಂಬುದಕ್ಕೆ ಇನ್ನಷ್ಟು ಯೋಚನೆ ಬೇಕು. ಡಿಮೆನ್ಷಿಯಾ ಬರುವ ಸಾಧ್ಯತೆ ವಯಸ್ಸಿನೊಂದಿಗೆ ಅಷ್ಟು ಕಡಿದಾಗಿ ಏರುವುದರಿಂದ, ಅಧ್ಯಯನಕ್ಕೆ ಸೇರಿದ ದಿನದಿಂದ ಎಣಿಸುವ ಬದಲು ವಯಸ್ಸನ್ನೇ ಕಾಲದ ಅಕ್ಷವಾಗಿ ಇಡುವುದು ನನ್ನ ರೂಢಿ. ಆಗ 75ನೆಯ ವಯಸ್ಸಿನಲ್ಲಿ ಸೇರಿದವರು ಅಲ್ಲಿಯವರೆಗೆ ಬದುಕಿದ್ದರು ಮತ್ತು ಡಿಮೆನ್ಷಿಯಾ ಇಲ್ಲದೆ ಇದ್ದರು ಎಂಬ ಷರತ್ತನ್ನು, ಅಂದರೆ ತಡವಾದ ಪ್ರವೇಶವನ್ನು, ಲೆಕ್ಕದಲ್ಲಿ ಸೇರಿಸಲೇಬೇಕು. ಜೊತೆಗೆ ಇಂದು 80 ವರ್ಷದವರಾದವರಿಗೂ ಇಂದಿನ 70 ವರ್ಷದವರು ಮುಂದೆ 80 ತಲುಪುವಾಗ ಇರುವ ಸ್ಥಿತಿಗೂ ವ್ಯತ್ಯಾಸವಿದೆ, ಏಕೆಂದರೆ ಅವರು ಪಡೆದ ಶಿಕ್ಷಣ ಮತ್ತು ಆರೋಗ್ಯಸೇವೆ ಬೇರೆ. ಜನರ ನಡುವಿನ ವಯಸ್ಸಿನ ಅಂತರವನ್ನೂ ಒಬ್ಬ ವ್ಯಕ್ತಿಯೊಳಗಿನ ಬದಲಾವಣೆಯನ್ನೂ ನಾನು ಮಾಡೆಲ್‌ನಲ್ಲಿ ಬೇರೆ ಬೇರೆ ಅಂಶಗಳಾಗಿ ಇಟ್ಟು, ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ಮೊದಲು ನೋಡುತ್ತೇನೆ.

ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಸಾವಿನದು. ಮಿಕ್ಸೆಡ್ ಮಾಡೆಲ್, ಕಾಣೆಯಾದ ಅಂಕಗಳನ್ನು ಅದೇ ವ್ಯಕ್ತಿಯ ಹಿಂದಿನ ಅಂಕಗಳಿಂದ ಊಹಿಸಬಹುದು ಎಂದು ಭಾವಿಸುತ್ತದೆ. ಭೇಟಿಗೆ ಬರಲು ನಿರಾಕರಿಸಿದವರ ವಿಷಯದಲ್ಲಿ ಈ ಊಹೆ ಸಹ್ಯ, ಏಕೆಂದರೆ ಅವರಿಗೆ ಒಂದು ಅಂಕ ಇದ್ದೇ ಇದೆ, ನಮಗೆ ಗೊತ್ತಿಲ್ಲ ಅಷ್ಟೆ. ತೀರಿಕೊಂಡವರಿಗೆ ಆ ಅಂಕವೇ ಇಲ್ಲ. ಆದರೂ ಮಾಡೆಲ್ ಅವರ ಗೆರೆಯನ್ನು ಸಾವಿನಾಚೆಗೂ ಎಳೆಯುತ್ತದೆ, ಅಂದರೆ ಯಾರೂ ಸಾಯದ ಒಂದು ಸಮೂಹದ ಸರಾಸರಿಯನ್ನು ಕೊಡುತ್ತದೆ. ಒಬ್ಬ ವ್ಯಕ್ತಿಯ ಮಿದುಳಿನಲ್ಲಿ ನಡೆಯುವ ಬದಲಾವಣೆಯನ್ನು ಅರಿಯಲು ಅದು ಉಪಯುಕ್ತವಾಗಬಹುದು. ಆದರೆ 85 ದಾಟಿ ಬದುಕಿರುವವರಿಗೆ ಎಷ್ಟು ಆರೈಕೆ ಬೇಕಾಗುತ್ತದೆ ಎಂದು ಕೇಳುವವರಿಗೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಅವರಿಗೆ ಆ ವಯಸ್ಸಿನಲ್ಲಿ ಬದುಕಿರುವವರ ಸರಾಸರಿ ಬೇಕು, ಅದಕ್ಕೆ ತೂಕ ನೀಡಿದ ಅಂದಾಜು ಸಮೀಕರಣಗಳು (ಬದುಕಿದ್ದೂ ಬಾರದವರನ್ನು ಹೋಲುವವರ ಅಂಕಕ್ಕೆ ಹೆಚ್ಚು ತೂಕ ಕೊಡುವ ವಿಧಾನ) ಹೆಚ್ಚು ಸೂಕ್ತ. ಹೀಗಾಗಿ ಒಂದೇ ದತ್ತಾಂಶದಿಂದ ಬಂದ ಎರಡು ಉತ್ತರಗಳು ಬೇರೆಯಾಗಿದ್ದೂ ಎರಡೂ ಸರಿಯಾಗಿರಬಹುದು. ಪ್ರಶ್ನೆ ಕೇಳಿದವರೊಂದಿಗೆ ಕುಳಿತು ಯಾವುದು ಬೇಕೆಂದು ಮೊದಲೇ ತೀರ್ಮಾನಿಸದೆ ನಾನು ಒಂದು ಸಾಲಿನ ಕೋಡ್ ಸಹ ಬರೆಯುವುದಿಲ್ಲ.

ರೋಗನಿರ್ಣಯವನ್ನೇ ಫಲಿತಾಂಶವಾಗಿ ತೆಗೆದುಕೊಂಡಾಗ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಡಿಮೆನ್ಷಿಯಾ ಯಾವ ದಿನ ಆರಂಭವಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ಭೇಟಿಗಳ ನಡುವೆ ಎಲ್ಲೋ ಆಯಿತೆಂದು ಮಾತ್ರ ಗೊತ್ತು. ಆ ನಡುವೆಯೇ ವ್ಯಕ್ತಿ ತೀರಿಕೊಂಡರೆ, ಅವರಿಗೆ ಡಿಮೆನ್ಷಿಯಾ ಬಂದಿತ್ತೇ ಎಂಬುದು ದಾಖಲಾಗುವುದೇ ಇಲ್ಲ. ಅವರನ್ನು ಕೊನೆಯ ಭೇಟಿಯಲ್ಲಿ ರೋಗವಿಲ್ಲದೆ ಹೊರಟವರೆಂದು ಎಣಿಸಿದರೆ ಹೊಸ ಪ್ರಕರಣಗಳ ದರ ಕಡಿಮೆಯಾಗಿ ಕಾಣುತ್ತದೆ, ಮತ್ತು ಧೂಮಪಾನದಂತೆ ಸಾವನ್ನೂ ಹೆಚ್ಚಿಸುವ ಅಂಶಗಳ ಪರಿಣಾಮ ತಿರುಚಿಕೊಳ್ಳುತ್ತದೆ. ಆರೋಗ್ಯ, ಡಿಮೆನ್ಷಿಯಾ, ಸಾವು ಎಂಬ ಮೂರು ಸ್ಥಿತಿಗಳ ನಡುವಿನ ದಾರಿಗಳನ್ನು ಒಟ್ಟಿಗೆ ಅಂದಾಜು ಮಾಡುವ ಬಹುಸ್ಥಿತಿ ಮಾಡೆಲ್ ಇಲ್ಲಿ ನನ್ನ ಮೊದಲ ಆಯ್ಕೆ. ಭೇಟಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅದರ ಅಗತ್ಯ ಹೆಚ್ಚು. 1999ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಫೈನ್ ಮತ್ತು ಗ್ರೇ ಸೂಚಿಸಿದ ಸ್ಪರ್ಧಿ ಅಪಾಯಗಳ ವಿಧಾನವನ್ನೂ (ಸಾವು ಮೊದಲು ಬಂದು ರೋಗಕ್ಕೆ ಅವಕಾಶವೇ ಇಲ್ಲದಾಗುವುದನ್ನು ಲೆಕ್ಕಕ್ಕೆ ತರುವ ವಿಧಾನ) ಬಳಸುತ್ತೇನೆ, ಆದರೆ ಕಾರಣ ಹುಡುಕಲು ಅಲ್ಲ. ಧೂಮಪಾನಿಗಳು ಬೇಗ ತೀರಿಕೊಳ್ಳುವುದರಿಂದಲೇ ಅವರಲ್ಲಿ ಡಿಮೆನ್ಷಿಯಾ ಕಡಿಮೆ ಎಂದು ಅದು ತೋರಿಸಬಲ್ಲದು. ಅದು ಜನಸಂಖ್ಯೆಯ ಮೇಲಿನ ಹೊರೆಯ ಲೆಕ್ಕವಾಗಿ ನಿಜ. ಧೂಮಪಾನ ಮಿದುಳನ್ನು ಕಾಪಾಡುತ್ತದೆ ಎಂಬ ಅರ್ಥ ಅದಕ್ಕೆ ಖಂಡಿತ ಇಲ್ಲ.

ಕಾರಣದ ಪ್ರಶ್ನೆಯಲ್ಲಿ ನಾನು ಹಿಮ್ಮುಖ ಸಂಬಂಧವನ್ನು, ಅಂದರೆ ರೋಗವೇ ನಾವು ಕಾರಣವೆಂದುಕೊಂಡದ್ದನ್ನು ಉಂಟುಮಾಡಿರುವ ಸಾಧ್ಯತೆಯನ್ನು, ವಿಶೇಷವಾಗಿ ಪರಿಶೀಲಿಸುತ್ತೇನೆ. ರೋಗ ಪತ್ತೆಯಾಗುವುದಕ್ಕೆ ಒಂದು ದಶಕಕ್ಕೂ ಮೊದಲೇ ಮಿದುಳಿನಲ್ಲಿ ಬದಲಾವಣೆಗಳು ಆರಂಭವಾಗಿರಬಹುದು, ಮತ್ತು ಅವು ದೇಹದ ತೂಕ, ನಡಿಗೆ, ಮನಃಸ್ಥಿತಿಗಳನ್ನೂ ಬದಲಿಸುತ್ತವೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಹಿಂಬಾಲಿಸುವ ವೈಟ್‌ಹಾಲ್ 2 ಅಧ್ಯಯನದ 2017ರ ವಿಶ್ಲೇಷಣೆ ಇದಕ್ಕೆ ಒಳ್ಳೆಯ ಪಾಠ: ರೋಗನಿರ್ಣಯಕ್ಕೆ ಸುಮಾರು 9 ವರ್ಷ ಮೊದಲೇ ದೈಹಿಕ ಚಟುವಟಿಕೆ ಕುಗ್ಗತೊಡಗುತ್ತದೆ ಎಂದು ಅದು ತೋರಿಸಿತು. ಕೇವಲ ಐದಾರು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ವ್ಯಾಯಾಮ ಮಾಡದಿರುವುದೇ ಕಾರಣವೆಂದು ತೋರುವುದು ಸಹಜ. ಮೊದಲ ಕೆಲವು ವರ್ಷಗಳ ಪ್ರಕರಣಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕುವುದು ನನ್ನ ಕನಿಷ್ಠ ಪರೀಕ್ಷೆ. ಮಧ್ಯವಯಸ್ಸಿನ ಮಾಪನವಿದ್ದರೆ ಅದನ್ನೇ ಬಳಸುತ್ತೇನೆ.

ಓದಿನ ಪ್ರಶ್ನೆಗೆ ಮರಳಿದರೆ, ಅದಕ್ಕೆ ಸರಳರೇಖೆ ಸಾಲದು. ಡಿಮೆನ್ಷಿಯಾದ ಹಾದಿಯಲ್ಲಿರುವವರಲ್ಲಿ ಇಳಿಕೆ ಬಹುಕಾಲ ನಿಧಾನವಾಗಿದ್ದು, ಒಂದು ಹಂತದ ನಂತರ ವೇಗ ಪಡೆಯುತ್ತದೆ. ಆ ತಿರುವನ್ನೇ ಅಂದಾಜು ಮಾಡುವ ಮಾಡೆಲ್‌ನಿಂದ ನ್ಯೂಯಾರ್ಕ್‌ನ ಹಿರಿಯರ ಬ್ರಾಂಕ್ಸ್ ಏಜಿಂಗ್ ಸ್ಟಡಿಯ ಸಂಶೋಧಕರು 2007ರಲ್ಲಿ, ಮುಂದೆ ಡಿಮೆನ್ಷಿಯಾ ಬಂದವರಲ್ಲಿ ಓದಿನ ಪ್ರತಿಯೊಂದು ಹೆಚ್ಚುವರಿ ವರ್ಷ ಆ ತಿರುವನ್ನು 0.21 ವರ್ಷ ಮುಂದೂಡುತ್ತದೆ, ಆದರೆ ತಿರುವಿನ ನಂತರ ಹೆಚ್ಚು ಓದಿದವರ ನೆನಪು ಇನ್ನೂ ವೇಗವಾಗಿ ಕುಸಿಯುತ್ತದೆ ಎಂದು ಕಂಡುಕೊಂಡರು. ಹೆಚ್ಚು ಓದಿದವರು ತಿರುವನ್ನು ತಲುಪುವ ಮುನ್ನವೇ ಅಧ್ಯಯನ ಮುಗಿದುಹೋದರೆ ಓದು ರಕ್ಷಿಸುತ್ತದೆ ಎಂಬ ಉತ್ತರ ಬರುತ್ತದೆ. ತಿರುವಿನ ನಂತರದ ವರ್ಷಗಳೇ ದತ್ತಾಂಶದಲ್ಲಿ ಹೆಚ್ಚಿದ್ದರೆ ಅದಕ್ಕೆ ವಿರುದ್ಧವಾದ ಉತ್ತರ ಬರುತ್ತದೆ.

ಅದಕ್ಕಾಗಿ ನನ್ನ ವರದಿಗಳಲ್ಲಿ ಮುಖ್ಯ ಅಂದಾಜಿನ ಪಕ್ಕದಲ್ಲಿ ಸದಾ ಇನ್ನೊಂದು ಕೋಷ್ಟಕ ಇರುತ್ತದೆ. ಬದುಕಿದ್ದೂ ಭೇಟಿಗೆ ಬಾರದವರ ಅಂಕ ಮಾಡೆಲ್ ಊಹಿಸಿದ್ದಕ್ಕಿಂತ ಒಂದು, ಎರಡು, ಮೂರು ಅಂಕ ಕಡಿಮೆ ಇದ್ದಿದ್ದರೆ ತೀರ್ಮಾನ ಏನಾಗುತ್ತಿತ್ತು ಎಂದು ಅದರಲ್ಲಿ ಸಾಲು ಸಾಲಾಗಿ ತೋರಿಸುತ್ತೇನೆ. ಒಂದು ಅಂಕದ ಬದಲಾವಣೆಗೇ ತೀರ್ಮಾನ ತಲೆಕೆಳಗಾಗುವುದಾದರೆ, ಆ ಮಾತನ್ನು ವರದಿಯ ಮೊದಲ ಪುಟದಲ್ಲಿಯೇ ಬರೆಯುತ್ತೇನೆ.