ಬಿರುಬೇಸಿಗೆಯಲ್ಲಿ ಜೆಂಟಾಮೈಸಿನ್ ಕೊಡುವಾಗ

ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ ಬಿಸಿಲು 42 ಡಿಗ್ರಿ ಮುಟ್ಟಿದಾಗ, ಹೊಲದಿಂದ ನೇರ ವಾರ್ಡಿಗೆ ಬಂದವರ ಮೈಯಲ್ಲಿ ನೀರೇ ಇರುವುದಿಲ್ಲ. ಮೈಕೈ ನೋವಿಗೆಂದು ಡೈಕ್ಲೋಫೆನ್ಯಾಕ್ ನುಂಗಿರುವುದೂ ಉಂಟು. ಇವೆರಡೂ ಮೂತ್ರಪಿಂಡಕ್ಕೆ ಪೆಟ್ಟು, ಬ್ಯಾಕ್ಟೀರಿಯಾ ಕೊಲ್ಲುವ ಇಂಜೆಕ್ಷನ್ ಆದ ಜೆಂಟಾಮೈಸಿನ್ ಹೊರಹೋಗುವುದೂ ಮೂತ್ರಪಿಂಡದಿಂದಲೇ. ಆದ್ದರಿಂದ ಆ ಮಾತ್ರೆ ನಿಲ್ಲಿಸಿ, ಸಲೈನ್ ಹಚ್ಚಿ, ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್‌ಗೆ ರಕ್ತ ಕಳಿಸಿ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿ) ಇದ್ದರೆ ಮಾತ್ರ ರಿಪೋರ್ಟಿಗೆ ಕಾಯದೆ ಮೊದಲ ಡೋಸ್ ಕೊಡಿ.

ಎಂಟು ತಾಸಿಗೊಮ್ಮೆ 80 ಮಿ.ಗ್ರಾಂ. ಎಂಬ ಹಳೇ ರೂಢಿ ಹೆಚ್ಚಿನವರಿಗೆ ಬೇಡ. ರಕ್ತದಲ್ಲಿ ಮಟ್ಟ ಏರಿದಷ್ಟೂ ಬ್ಯಾಕ್ಟೀರಿಯಾ ಸಾಯುತ್ತವೆ, ಮಟ್ಟ ಇಳಿದ ಮೇಲೂ ಕೆಲವು ತಾಸು ಅವು ಬೆಳೆಯುವುದಿಲ್ಲ. ಮೂತ್ರಪಿಂಡದ ಕೋಶಗಳದು ಬೇರೆ ಲೆಕ್ಕ: ಒಮ್ಮೆಲೇ ಎಷ್ಟು ಬಂದರೂ ಅವು ಹೀರುವುದಕ್ಕೆ ಮಿತಿಯುಂಟು, ಸ್ವಲ್ಪಸ್ವಲ್ಪವಾಗಿ ಸದಾ ಇದ್ದರೆ ಹೀರುತ್ತಲೇ ಇರುತ್ತವೆ. ಹಾಗಾಗಿ ದೊಡ್ಡ ಡೋಸ್, ಉದ್ದ ಬಿಡುವು. ಗರ್ಭಿಣಿಯರು, ಸುಟ್ಟಗಾಯ, ಹೃದಯದ ಕವಾಟದ ಸೋಂಕು ಇದ್ದವರಿಗೆ ಈ ಲೆಕ್ಕ ಹೊಂದದು.

60 ವರ್ಷದ, 50 ಕೆ.ಜಿ.ಯ ಗಂಡಸು, ಕ್ರಿಯಾಟಿನಿನ್ 1.3 ಮಿ.ಗ್ರಾಂ./ಡೆ.ಲೀ. ಎಂದುಕೊಳ್ಳಿ. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿದರೆ 4000. 72 × 1.3ರಿಂದ ಭಾಗಿಸಿದರೆ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಸೋಸುವ ವೇಗ) ನಿಮಿಷಕ್ಕೆ ಸುಮಾರು 43 ಮಿ.ಲೀ. (ಹೆಂಗಸರಿಗೆ 0.85ರಿಂದ ಗುಣಿಸಿ.) ಕೆ.ಜಿ.ಗೆ 5 ಮಿ.ಗ್ರಾಂ.ನಂತೆ 250 ಆಗುತ್ತದೆ. 80ರ ಮೂರು ವಯಲ್, ಅಂದರೆ 240 ಸಾಕು. 6 ಮಿ.ಲೀ. ಔಷಧವನ್ನು 100 ಮಿ.ಲೀ. ನಾರ್ಮಲ್ ಸಲೈನಿಗೆ ಹಾಕಿ 30ರಿಂದ 60 ನಿಮಿಷ ಹನಿಸಿ. ಡೋಸ್ ಕಡಿತ ಬೇಡ, ಬಿಡುವು ಹೆಚ್ಚಿಸಿ: ಕ್ಲಿಯರೆನ್ಸ್ 60 ಅಥವಾ ಹೆಚ್ಚಿದ್ದರೆ 24 ತಾಸು, 40ರಿಂದ 59ಕ್ಕೆ 36. ಅದಕ್ಕೂ ಕೆಳಗಿದ್ದರೆ ಬೇರೆ ಔಷಧ ಹುಡುಕುವುದೇ ಲೇಸು. ಪೆನಿಸಿಲಿನ್ ಜೊತೆ ಒಂದೇ ಬಾಟಲಿಗೆ ಹಾಕಿದರೆ ಜೆಂಟಾಮೈಸಿನ್ ನಿಷ್ಕ್ರಿಯವಾಗುತ್ತದೆ. ನಡುವೆ ಲೈನ್ ತೊಳೆಯಿರಿ. ಮಯಸ್ತೇನಿಯಾ (ಸ್ನಾಯುಗಳು ಬಲಗುಂದುವ ಕಾಯಿಲೆ) ಇದ್ದವರಿಗೆ ಕೊಡಲೇಬೇಡಿ, ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಎರಡು ದಿನಕ್ಕೊಮ್ಮೆ ಕ್ರಿಯಾಟಿನಿನ್ ನೋಡಿ. ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ಸಮಾಧಾನಪಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಈ ಔಷಧದಿಂದ ಮೂತ್ರಪಿಂಡ ಕೆಟ್ಟಾಗ ಮೂತ್ರದ ಪ್ರಮಾಣ ಬಹಳ ಸಲ ಕಮ್ಮಿಯಾಗುವುದೇ ಇಲ್ಲ. ಸಾಮಾನ್ಯವಾಗಿ 5-7 ದಿನದ ನಂತರ ಕಾಣುವ ಈ ತೊಂದರೆ ಔಷಧ ನಿಲ್ಲಿಸಿದರೆ ಹೆಚ್ಚಾಗಿ ಸುಧಾರಿಸುತ್ತದೆ.

ಕಿವಿ ಹಾಗಲ್ಲ, ಹೋದರೆ ಹೋದಂತೆಯೇ. ಮೊದಲು ಕೀರಲು ದನಿಗಳು ಮಾಯವಾಗುವುದರಿಂದ ಮಾತುಕತೆಯಲ್ಲಿ ಅದು ಗೊತ್ತಾಗದು. ಜೆಂಟಾಮೈಸಿನ್ ಸಮತೋಲವನ್ನೂ ಕೆಡಿಸುತ್ತದೆ. ದಿನಾ ರೌಂಡ್ಸಿನಲ್ಲಿ ಕೇಳಿ: "ಕಾಕಾ, ಕಿವ್ಯಾಗ ಗುಂಯ್ ಅಂತದೇನ್ರಿ? ಕತ್ತಲ್ದಾಗ ನಡೆದ್ರ ಜೋಲಿ ಹೋಗ್ತದೇನ್ರಿ?" ಹೌದೆಂದರೆ ಮುಂದಿನ ಡೋಸ್ ಹಾಕದೆ ವೈದ್ಯರನ್ನು ಕರೆಯಿರಿ.